ಮನೆ ತುಂಬ ಹೊಂಬಣ್ಣ

ಗೋಡೆಯ ಬಣ್ಣವನ್ನು ಆರಿಸುವ ಮುನ್ನ ತಿಳಿದಿರಬೇಕಾದ ವಿಜ್ಞಾನ

ಗೃಹಪ್ರವೇಶವಿರಲಿ, ಮಗಳ ಮದುವೆಯಿರಲಿ, ಬಣ್ಣ ಬಳಿಸುವ ಮಾತು ಎದ್ದಿತೆಂದರೆ ಮನೆಯಲ್ಲಿ ಒಂದು ಪುಟ್ಟ ವಿಧಾನಸಭೆಯೇ ಸೇರುತ್ತದೆ. ತಂದೆಗೆ ಬಿಳಿಯೇ ಸಾಕು. ತಾಯಿಗೆ ಕೊಳೆ ಕಾಣದ ಬಣ್ಣ ಬೇಕು. ಮಗನಿಗೆ ಒಂದೊಂದು ಕೋಣೆಗೆ ಒಂದೊಂದು ಬಣ್ಣ. ಅಜ್ಜಿಯದು ಒಂದೇ ಮಾತು: "ಲಕ್ಷಣವಾಗಿ ಹಳದಿ ಬಳಿಸಿ, ಮನೆ ಬೆಳಗಲಿ." ಕೊನೆಗೆ ಅಜ್ಜಿಯ ಮಾತೇ ಗೆದ್ದು, ಶೇಡ್ ಕಾರ್ಡಿನ ಬೆರಳಗಲದ ಒಂದು ಚೌಕಕ್ಕೆ ಎಲ್ಲರ ಒಪ್ಪಿಗೆ ಬೀಳುತ್ತದೆ. ಹದವಾದ ಹೊಂಬಣ್ಣ. ಹಜಾರ, ಊಟದ ಮನೆ, ಮಲಗುವ ಕೋಣೆ ಎಲ್ಲಕ್ಕೂ ಅದೇ.

ವಾರ ಕಳೆದು ಕೆಲಸ ಮುಗಿಯುತ್ತದೆ. ಸಂಜೆ ದೀಪ ಹಾಕಿದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. "ನಾವು ಹೇಳಿದ ಬಣ್ಣ ಇದಲ್ಲ!" ಪೇಂಟರ್ ಡಬ್ಬ ತಿರುಗಿಸಿ ತೋರಿಸುತ್ತಾನೆ: "ನೀವು ಕೊಟ್ಟ ನಂಬರೇ ಸ್ವಾಮಿ, ನೋಡಿಕೊಳ್ಳಿ."

ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಕಾರ್ಡಿನ ಬಣ್ಣವೂ ನಿಜ, ಗೋಡೆಯ ಬಣ್ಣವೂ ನಿಜ. ಬಣ್ಣವೆಂಬುದು ಡಬ್ಬದೊಳಗೆ ಸಿದ್ಧವಾಗಿ ಕುಳಿತಿರುವ ವಸ್ತುವಲ್ಲ. ಬೆಳಕು, ಗೋಡೆ ಮತ್ತು ಕಣ್ಣು, ಈ ಮೂವರೂ ಸೇರಿ ಆಡುವ ಆಟ ಅದು. ಈ ಆಟದ ನಿಯಮ ತಿಳಿದರೆ ಹಣವೂ ಉಳಿಯುತ್ತದೆ, ಮನಸ್ತಾಪವೂ ತಪ್ಪುತ್ತದೆ. ಇದರ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದಿದೆ: ಆ ಹಳದಿ ಯಾವುದರಿಂದ ಮಾಡಿದ್ದು? ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಹಳದಿ ಎಂದರೆ ಹಳದಿ ಮಾತ್ರವಲ್ಲ

ಬಿಳಿಯ ಬೆಳಕಿನಲ್ಲಿ ನೇರಿಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣಗಳೂ ಇವೆ ಎಂದು ವಿದ್ಯಾರ್ಥಿಗಳು ಪ್ರಿಸಂ ಪಾಠದಲ್ಲಿ ಓದಿರುತ್ತಾರೆ. ಅದರಲ್ಲಿ ಹಳದಿಯ ಪಾಲು ಬಲು ಚಿಕ್ಕದು. ಸುಮಾರು 570ರಿಂದ 590 ನ್ಯಾನೋಮೀಟರ್ ತರಂಗಾಂತರದ ಒಂದು ಸಣ್ಣ ಪಟ್ಟಿ. ಗೋಡೆಯ ಹಳದಿ ಈ ಪಟ್ಟಿಯೊಂದನ್ನೇ ಹಿಂದಿರುಗಿಸಿ ಉಳಿದದ್ದನ್ನೆಲ್ಲ ನುಂಗುವುದಾದರೆ ಗೋಡೆ ಹೆಚ್ಚುಕಡಿಮೆ ಕಪ್ಪಗೇ ಕಾಣುತ್ತಿತ್ತು.

ನಿಜವಾಗಿ ನಡೆಯುವುದು ಬೇರೆ. ಹಳದಿ ಬಣ್ಣ ನುಂಗುವುದು ಮುಖ್ಯವಾಗಿ ನೀಲಿ ಮತ್ತು ನೇರಿಳೆಯನ್ನು. ಹಸಿರು, ಹಳದಿ, ಕಿತ್ತಳೆ, ಕೆಂಪು ಎಲ್ಲವನ್ನೂ ಅದು ಹಿಂದಕ್ಕೆ ಕಳಿಸುತ್ತದೆ. ಇವೆಲ್ಲ ಸೇರಿ ಕಣ್ಣಿಗೆ ಬಿದ್ದಾಗ ಮಿದುಳು ಅದನ್ನು ಹಳದಿ ಎಂದು ಓದಿಕೊಳ್ಳುತ್ತದೆ. ಆದ್ದರಿಂದಲೇ ಹಳದಿ ಅಷ್ಟು ಪ್ರಕಾಶಮಾನ. ಇದರಲ್ಲಿ ಹಸಿರಿನ ಪಾಲನ್ನು ಕೊಂಚ ತಗ್ಗಿಸಿ, ಕೆಂಪಿನ ಪಾಲನ್ನು ಎತ್ತಿದರೆ ಸಿಗುವುದೇ ಹೊಂಬಣ್ಣ.

ಚಿನ್ನವೂ ಇದೇ ಕೆಲಸ ಮಾಡುತ್ತದೆ. ಬೆಳ್ಳಿ ಎಲ್ಲ ಬಣ್ಣಗಳನ್ನೂ ಬಹುಮಟ್ಟಿಗೆ ಸಮನಾಗಿ ಪ್ರತಿಫಲಿಸಿದರೆ, ಚಿನ್ನ ನೀಲಿಯನ್ನು ಹೀರಿಕೊಳ್ಳುತ್ತದೆ. ಚಿನ್ನದ ಭಾರವಾದ ಪರಮಾಣುವಿನೊಳಗೆ ಇಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಗಣನೀಯ ಭಾಗದಷ್ಟಿರುವುದರಿಂದ ಹೀಗಾಗುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವಿಲ್ಲದೆ ಬಳೆಯ ಬಣ್ಣವನ್ನು ವಿವರಿಸಲಾಗದು! ಆದರೆ ಚಿನ್ನಕ್ಕೆ ಲೋಹದ ಹೊಳಪಿದೆ, ಗೋಡೆಗೆ ಅದಿಲ್ಲ. ಹೊಳಪು ತೆಗೆದ ಚಿನ್ನದ ಬಣ್ಣ ಸಾಸಿವೆಯ ಹಳದಿಗೆ ಹತ್ತಿರ. "ಬಂಗಾರದ ಬಣ್ಣ" ಎಂದು ಕೇಳಿ ಬಳಿಸಿದವರಿಗೆ ಗೋಡೆ ಮಂಕಾಗಿ ಕಂಡರೆ ಅದಕ್ಕೆ ಇದೂ ಒಂದು ಕಾರಣ.

ಮೂಲೆಯ ಗುಟ್ಟು

ಕಾರ್ಡಿನ ಮೇಲೆ ತಿಳಿಯಾಗಿದ್ದ ಬಣ್ಣ ಗೋಡೆಯ ಮೇಲೆ ಗಾಢವಾದದ್ದೇಕೆ? ಇದನ್ನು ಮನೆಯಲ್ಲೇ ನೋಡಬಹುದು. ಹಳದಿ ಡ್ರಾಯಿಂಗ್ ಹಾಳೆಯೊಂದನ್ನು ಪುಸ್ತಕದಂತೆ ಮಡಿಸಿ, ಅರ್ಧ ತೆರೆದು ಕಿಟಕಿಯ ಬಳಿ ನಿಲ್ಲಿಸಿ. ಮಡಿಕೆಯ ಮೂಲೆಯಲ್ಲಿ ಹಳದಿ ಎಷ್ಟು ಗಾಢವಾಗಿದೆ ನೋಡಿ. ಹಾಳೆಯನ್ನು ಚಪ್ಪಟೆಯಾಗಿ ಬಿಡಿಸಿದರೆ ಆ ಗಾಢತೆ ಮಾಯ. ಹಾಳೆ ಬದಲಾಗಲಿಲ್ಲ, ಬೆಳಕಿನ ದಾರಿ ಬದಲಾಯಿತು.

ಲೆಕ್ಕ ಸುಲಭವಾಗಿದೆ. ಒಂದು ಹೊಂಬಣ್ಣದ ಗೋಡೆ ತನ್ನ ಮೇಲೆ ಬಿದ್ದ ಕೆಂಪು-ಹಳದಿ ಬೆಳಕಿನಲ್ಲಿ ನೂರಕ್ಕೆ 70ರಷ್ಟನ್ನೂ, ನೀಲಿಯಲ್ಲಿ 35ರಷ್ಟನ್ನೂ ಹಿಂದಿರುಗಿಸುತ್ತದೆ ಎಂದುಕೊಳ್ಳೋಣ. ಒಂದು ಗೋಡೆಗೆ ತಾಗಿ ಬಂದ ಬೆಳಕಿನಲ್ಲಿ ಇವೆರಡರ ಪ್ರಮಾಣ 2ಕ್ಕೆ 1. ಅದೇ ಬೆಳಕು ಎದುರಿನ ಗೋಡೆಗೂ ತಾಗಿ ಬಂದರೆ ಕೆಂಪು-ಹಳದಿ 49, ನೀಲಿ 12ರಷ್ಟು ಉಳಿದು ಪ್ರಮಾಣ 4ಕ್ಕೆ 1 ಆಗುತ್ತದೆ. ಮೂರನೆಯ ಗೋಡೆಗೆ ತಾಗಿದ ಮೇಲೆ 34 ಮತ್ತು 4. ಅಂದರೆ 8ಕ್ಕೆ 1. ನಾಲ್ಕು ಗೋಡೆಗಳ ನಡುವೆ ಬೆಳಕು ಪುಟಿದಷ್ಟೂ ಹಳದಿ ಏರುತ್ತಲೇ ಹೋಗುತ್ತದೆ. ಶೇಡ್ ಕಾರ್ಡಿಗೆ ಎದುರುಗೋಡೆಯಿಲ್ಲ. ಕೋಣೆಗೆ ಇದೆ. ಪೇಂಟರನ ನಂಬರು ಸರಿಯಿದ್ದೂ ಮನೆಯವರ ದೂರು ನಿಜವಾಗಿರುವ ಗುಟ್ಟು ಇದೇ.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ಕಿಟಕಿ, ಸಾಮಾನು ಯಾವುದೂ ಇಲ್ಲದ, ಆರೂ ಮೈಗೆ ಒಂದೇ ಬಣ್ಣ ಬಳಿದ ಪೆಟ್ಟಿಗೆಯಂಥ ಕೋಣೆಯನ್ನು ಊಹಿಸಿಕೊಳ್ಳಿ. ಬಿಳಿ ಬಳಿದು ನೂರಕ್ಕೆ 80ರಷ್ಟು ಬೆಳಕು ಪುಟಿಯುವಂತಿದ್ದರೆ, 1ಕ್ಕೆ 0.8, ಅದಕ್ಕೆ 0.64 ಎಂದು ಕೂಡಿಸುತ್ತ ಹೋದಾಗ ಒಟ್ಟು 5 ಬರುತ್ತದೆ. ಗಾಢ ಹೊಂಬಣ್ಣ ಬಳಿದು ನೂರಕ್ಕೆ 50 ಮಾತ್ರ ಪುಟಿದರೆ ಒಟ್ಟು ಬರುವುದು 2. ದೀಪ ಒಂದೇ, ವಿದ್ಯುತ್ತೂ ಅಷ್ಟೇ, ಬೆಳಕು ಮಾತ್ರ ಅರ್ಧಕ್ಕಿಂತ ಕಡಿಮೆ. ನಿಜವಾದ ಕೋಣೆಯಲ್ಲಿ ವ್ಯತ್ಯಾಸ ಇಷ್ಟು ತೀವ್ರವಾಗಿರದು. ಆದರೂ ಮಕ್ಕಳು ಓದುವ ಕೋಣೆಯ ವಿಷಯದಲ್ಲಿ ಇದನ್ನು ನೆನಪಿಡಬೇಕು. ಚಾವಣಿಗೆ ಬಿಳಿ, ಗೋಡೆಗೆ ತಿಳಿ ಹೊಂಬಣ್ಣ ಎಂಬ ಹಳೆಯ ರೂಢಿ ಬುದ್ಧಿವಂತಿಕೆಯದೇ.

ಜಿವರ್ನಿಯ ಊಟದ ಮನೆ

ಹಳದಿಯಲ್ಲಿ ಕೋಣೆಯನ್ನೇ ಮುಳುಗಿಸಿದವರಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ. 1883ರಲ್ಲಿ ಆತ ಜಿವರ್ನಿ ಎಂಬ ಹಳ್ಳಿಯಲ್ಲಿ ಬಾಡಿಗೆಗೆ ಮನೆ ಹಿಡಿದ. 1890ರಲ್ಲಿ ಅದನ್ನು ಕೊಂಡುಕೊಂಡ. 1926ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಶ್ರೀಮಂತರ ಮನೆಗಳಲ್ಲಿ ಕಡುಬಣ್ಣದ ಗೋಡೆ, ಭಾರವಾದ ಪರದೆಗಳೇ ಮರ್ಯಾದೆಯ ಗುರುತಾಗಿದ್ದ ಆ ಕಾಲದಲ್ಲಿ ಮೊನೆ ತನ್ನ ಊಟದ ಮನೆಯ ಗೋಡೆ, ಬೀರು, ಕುರ್ಚಿ ಎಲ್ಲಕ್ಕೂ ಹಳದಿಯ ಎರಡು ಛಾಯೆಗಳನ್ನು ಬಳಿಸಿದ. ಗೋಡೆಗೆ ಜಪಾನಿನ ಮುದ್ರಣ ಚಿತ್ರಗಳನ್ನು ತೂಗುಹಾಕಿದ. ಪಕ್ಕದ ಅಡುಗೆಮನೆಗೆ ಮಾತ್ರ ನೀಲಿ. 1980ರಿಂದ ಈ ಮನೆ ಸಾರ್ವಜನಿಕರಿಗೆ ತೆರೆದಿದೆ.

ಹಳದಿಯ ಪಕ್ಕದಲ್ಲಿ ನೀಲಿ ಬಂದದ್ದರ ಹಿಂದೆ ಚಿತ್ರಕಾರನ ಕಣ್ಣಿದೆ. ಒಂದೇ ಬಣ್ಣವನ್ನು ನೋಡುತ್ತ ಕುಳಿತರೆ ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಹಳದಿ ಹಾಳೆಯೊಂದನ್ನು ಅರ್ಧ ನಿಮಿಷ ದಿಟ್ಟಿಸಿ ನೋಡಿ, ತಕ್ಷಣ ಬಿಳಿ ಗೋಡೆಯತ್ತ ತಿರುಗಿ. ಅಲ್ಲಿ ನೀಲಿ ಛಾಯೆಯ ಚೌಕವೊಂದು ತೇಲುತ್ತದೆ. ಹಳದಿಗೆ ಸ್ಪಂದಿಸಿ ದಣಿದ ಕೋಶಗಳು ಸುಮ್ಮನಾದಾಗ ನೀಲಿಯ ಸಂಕೇತ ಮೇಲುಗೈ ಪಡೆಯುವುದರಿಂದ ಹೀಗಾಗುತ್ತದೆ. ಮನೆ ತುಂಬ ಒಂದೇ ಹೊಂಬಣ್ಣವಿದ್ದರೂ ಇದೇ ಆಗುತ್ತದೆ. ಮೊದಲ ದಿನ ಬೆರಗು, ತಿಂಗಳು ಕಳೆದ ಮೇಲೆ ಕಣ್ಣು ಅದನ್ನು ಗಮನಿಸುವುದೇ ಇಲ್ಲ. ನಡುವೆ ಒಂದು ನೀಲಿ ಪರದೆಯೋ, ನೀಲಿ ಹೂದಾನಿಯೋ, ಹಸಿರು ಗಿಡವೋ ಇದ್ದರೆ ಕಣ್ಣಿಗೆ ಹೋಲಿಕೆ ಸಿಕ್ಕಿ ಹೊನ್ನು ಮತ್ತೆ ಹೊನ್ನಾಗಿ ಕಾಣುತ್ತದೆ.

ಮೊನೆಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1912ರಲ್ಲಿ ಆತನ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿರುವುದನ್ನು ವೈದ್ಯರು ಗುರುತಿಸಿದರು. ಪೊರೆ ಬಂದ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಆ ವರ್ಷಗಳ ಚಿತ್ರಗಳಲ್ಲಿ ಕೆಂಪು-ಕಂದು ಛಾಯೆ ಹೆಚ್ಚುತ್ತ ಹೋಯಿತು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತಿದೆ ಎಂದು ಆತ ಗೊಣಗಿದ. ಊಟದ ಮನೆಯ ಗೋಡೆ ಇದ್ದ ಹಾಗೆಯೇ ಇತ್ತು. ನೋಡುವ ಕಣ್ಣು ಬದಲಾಗಿತ್ತು.

ಪ್ರತಿ ಮನೆಯಲ್ಲೂ ಇದು ಸಣ್ಣ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಒಳಕ್ಕೆ ಹೋಗುವ ಬೆಳಕೂ ಕಡಿಮೆಯಾಗುತ್ತದೆ. ಮೊಮ್ಮಗಳಿಗೆ ಕಾಣುವ ಹಳದಿ ಅಜ್ಜಿಗೆ ಕಾಣುವುದಿಲ್ಲ. ಹೊಂಬಣ್ಣದ ಗೋಡೆಯ ಮೇಲೆ ಕೆನೆಬಣ್ಣದ ಸ್ವಿಚ್ಚು, ಹಳದಿ ಹೊಸ್ತಿಲು ಹಿರಿಯರ ಕಣ್ಣಿಗೆ ಬೇಗ ಬೀಳವು. ಮೆಟ್ಟಿಲಿನ ಅಂಚು, ಬಾಗಿಲ ಚೌಕಟ್ಟು, ಬಚ್ಚಲುಮನೆಯ ಹಿಡಿಕೆಗಳಿಗೆ ಕಡುಬಣ್ಣ ಕೊಡುವುದು ಅಂದಕ್ಕಿಂತ ಹೆಚ್ಚಾಗಿ ಸುರಕ್ಷತೆಯ ಮಾತು.

ದೀಪ ಬದಲಾದರೆ ಗೋಡೆಯೂ ಬದಲಾಗುತ್ತದೆ

ಮೂವರು ಆಟಗಾರರಲ್ಲಿ ಉಳಿದವನು ಬೆಳಕು. ಒಂದು ಕಾಲದಲ್ಲಿ ಮನೆಗಳಲ್ಲಿ ಇದ್ದದ್ದು ಟಂಗ್‌ಸ್ಟನ್ ತಂತಿಯ ಬಲ್ಬು. ಅದರ ಬೆಳಕಿನಲ್ಲಿ ಕೆಂಪು ಧಾರಾಳ, ನೀಲಿ ಬಡಪಾಯಿ. ಅದರ ಕೆಳಗೆ ಹೊಂಬಣ್ಣದ ಗೋಡೆ ಕೇಸರಿಯತ್ತ ವಾಲಿ ಬೆಳಗುತ್ತಿತ್ತು. ಆಮೇಲೆ ಟ್ಯೂಬ್‌ಲೈಟು ಬಂತು. 2015ರಲ್ಲಿ ಉಜಾಲಾ ಯೋಜನೆ ಆರಂಭವಾದ ಮೇಲೆ ಎಲ್‌ಇಡಿ ಬಲ್ಬು ಹಳ್ಳಿಹಳ್ಳಿಯನ್ನೂ ತಲುಪಿತು. ಬಿಳಿ ಎಲ್‌ಇಡಿಯ ಒಳಗಿರುವುದು ವಾಸ್ತವವಾಗಿ ನೀಲಿ ಬೆಳಕಿನ ಚೂರು. ಅದರ ಮೇಲೆ ಹಚ್ಚಿದ ಹಳದಿ ಪುಡಿ ನೀಲಿಯಲ್ಲಿ ಒಂದಷ್ಟನ್ನು ಹೀರಿ ಹಳದಿಯಾಗಿ ಹೊರಸೂಸುತ್ತದೆ. ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಆ ನೀಲಿ ಚೂರನ್ನು ಸಾಧಿಸಿದ್ದಕ್ಕಾಗಿಯೇ ಅಕಾಸಾಕಿ, ಅಮಾನೊ ಮತ್ತು ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ದೊರೆಯಿತು.

ಎಲ್‌ಇಡಿ ಪೆಟ್ಟಿಗೆಯ ಮೇಲೆ 2700 ಕೆಲ್ವಿನ್, 4000 ಕೆಲ್ವಿನ್, 6500 ಕೆಲ್ವಿನ್ ಎಂದು ಬರೆದಿರುತ್ತಾರೆ. 2700 ಎಂದರೆ ಹಳೆಯ ಬಲ್ಬಿನಂಥ ಹಳದಿ ಬೆಳಕು. 6500 ಎಂದರೆ ನೀಲಿ ಮಿಶ್ರಿತ ಬಿಳುಪು. ಹೊಂಬಣ್ಣದ ಗೋಡೆಯ ಕೋಣೆಗೆ 6500ರ ದೀಪ ಹಾಕಿದರೆ ಅದರ ನೀಲಿಯನ್ನು ಗೋಡೆ ನುಂಗಿಹಾಕುತ್ತದೆ. ಕೆಂಪಿನ ಪಾಲು ಮೊದಲೇ ಕಡಿಮೆ. ಉಳಿಯುವುದು ಹಸಿರಿನತ್ತ ವಾಲಿದ ನಿಂಬೆ ಹಳದಿ. "ನಾವು ಹೇಳಿದ ಬಣ್ಣ ಇದಲ್ಲ" ಎಂಬ ದೂರಿನ ಮೂಲ ಎಷ್ಟೋ ಸಲ ಗೋಡೆಯಲ್ಲಿರುವುದಿಲ್ಲ, ಚಾವಣಿಯಿಂದ ತೂಗುತ್ತಿರುತ್ತದೆ. ಮತ್ತೊಮ್ಮೆ ಬಣ್ಣ ಬಳಿಸುವ ಮುನ್ನ ಬಲ್ಬು ಬದಲಿಸಿ ನೋಡುವುದು ಅಗ್ಗ.

ಇಲ್ಲೊಂದು ತಮಾಷೆಯಿದೆ. ಹಳದಿ ಬೆಳಕನ್ನು ಬೆಚ್ಚಗಿನದು, ನೀಲಿ ಬೆಳಕನ್ನು ತಣ್ಣಗಿನದು ಎನ್ನುತ್ತೇವೆ. ಭೌತಶಾಸ್ತ್ರದ ಲೆಕ್ಕ ಇದಕ್ಕೆ ತದ್ವಿರುದ್ಧ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿ, ಮತ್ತೂ ಕಾದರೆ ಬಿಳಿ. ನಕ್ಷತ್ರಗಳಲ್ಲೂ ಅಷ್ಟೇ. ಕೆಂಪು ನಕ್ಷತ್ರಕ್ಕಿಂತ ನೀಲಿ ನಕ್ಷತ್ರ ಬಿಸಿ. ಕಾವು ಹೆಚ್ಚಿದಷ್ಟೂ ಕೆಲ್ವಿನ್ ಸಂಖ್ಯೆ ಹೆಚ್ಚುತ್ತದೆ, ಬೆಳಕು ನೀಲಿಯತ್ತ ಸಾಗುತ್ತದೆ. ನಮ್ಮ "ಬೆಚ್ಚಗೆ" ಎಂಬ ಮಾತು ಹುಟ್ಟಿದ್ದು ಒಲೆಯ ಉರಿಯ ಮುಂದೆ, ಪ್ರಯೋಗಶಾಲೆಯಲ್ಲಲ್ಲ. ಹಳದಿ ಗೋಡೆ ಕೋಣೆಯ ಉಷ್ಣತೆಯನ್ನು ಏರಿಸುವುದಿಲ್ಲ. ಹಳದಿ ಕೋಣೆಯಲ್ಲಿ ಓದಿದರೆ ಜ್ಞಾಪಕಶಕ್ತಿ ಬೆಳೆಯುತ್ತದೆ, ಕೂಸುಗಳು ಹೆಚ್ಚು ಅಳುತ್ತವೆ ಎಂಬ ಮಾತುಗಳಿಗೂ ಗಟ್ಟಿಯಾದ ಪುರಾವೆಯಿಲ್ಲ. ಅಂಕಗಳು ಗೋಡೆಯಿಂದ ಬರುವುದಿಲ್ಲ!

ಅರಿಸಿನ, ಅರದಾಳ, ಕ್ರೋಮ್

ಈಗ ಡಬ್ಬದ ಒಳಕ್ಕೆ ಬರೋಣ. ಹಳದಿ ಎಂದೊಡನೆ ನಮ್ಮ ನಾಲಗೆಗೆ ಬರುವುದು ಅರಿಸಿನ. ಅದನ್ನೇ ಗೋಡೆಗೆ ಬಳಿದರೇನು? ಎರಡು ತೊಡಕುಗಳಿವೆ. ಅರಿಸಿನದ ಕಲೆಯಾದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಹೋಗುತ್ತದೆಂದು ಗೃಹಿಣಿಯರಿಗೆಲ್ಲ ಗೊತ್ತು. ಬಿಸಿಲು ಅರಿಸಿನದ ಕರ್ಕ್ಯುಮಿನ್ ಅಣುವನ್ನು ಒಡೆಯುತ್ತದೆ. ಎರಡನೆಯದು, ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ನೀರಿನಂತೆ ಕೆಂಪಾಗುತ್ತದೆ. ಸುಣ್ಣ ಬಳಿಯುವ ಗೋಡೆಗೆ ಅರಿಸಿನ ಆಗದು.

ಇನ್ನೊಂದು ಹಳದಿ ಅರದಾಳ. ಕರಾವಳಿಯ ಭೂತಕೋಲದಲ್ಲಿ ಮುಖಕ್ಕೆ ಹಚ್ಚುತ್ತಿದ್ದ ಈ ಖನಿಜ ಬಂಗಾರದಂತೆಯೇ ಹೊಳೆಯುತ್ತದೆ. ಹಳೆಯ ಕಾಲದ ಚಿತ್ರಕಾರರಿಗೂ ಅಚ್ಚುಮೆಚ್ಚಿನದು. ಆದರೆ ಅದು ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ವಿಷ.

ಮೂರನೆಯದರ ಕಥೆ 1797ರಲ್ಲಿ ಮೊದಲಾಗುತ್ತದೆ. ಫ್ರಾನ್ಸಿನ ರಸಾಯನಜ್ಞ ವೋಕ್ಲಾ ಸೈಬೀರಿಯದಿಂದ ಬಂದ ಕೆಂಪು ಖನಿಜವೊಂದರಲ್ಲಿ ಹೊಸ ಧಾತುವನ್ನು ಕಂಡ. ಅದರ ಸಂಯುಕ್ತಗಳು ಬಣ್ಣಬಣ್ಣವಾಗಿದ್ದವು. ಹಾಗಾಗಿ ಬಣ್ಣ ಎಂಬರ್ಥದ ಗ್ರೀಕ್ ಪದದಿಂದ ಕ್ರೋಮಿಯಂ ಎಂಬ ಹೆಸರು ಬಂತು. ಅದರ ಒಂದು ಸಂಯುಕ್ತವಾದ ಸೀಸದ ಕ್ರೋಮೇಟ್ ಹತ್ತೊಂಬತ್ತನೆಯ ಶತಮಾನದಲ್ಲಿ "ಕ್ರೋಮ್ ಹಳದಿ" ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಗ್ಗ, ಉಜ್ವಲ, ಒಂದೇ ಕೋಟಿಗೆ ಹಿಂದಿನ ಬಣ್ಣವನ್ನು ಮುಚ್ಚಿಬಿಡುವ ಗುಣ. 1888ರಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದ ತನ್ನ ಹಳದಿ ಮನೆಯ ಗೋಡೆಗಾಗಿ ವಾನ್ ಗಾಗ್ ಬಿಡಿಸಿದ ಸೂರ್ಯಕಾಂತಿ ಚಿತ್ರಗಳಲ್ಲಿರುವುದೂ ಇದೇ. ಆತ ಬಳಸಿದ ಕ್ರೋಮ್ ಹಳದಿ ಬೆಳಕಿಗೆ ಕಂದುಗಟ್ಟುವುದೇಕೆ ಎಂಬುದನ್ನು ವಿಜ್ಞಾನಿಗಳು 2011ರಲ್ಲಿ ಎಕ್ಸ್ ಕಿರಣಗಳ ನೆರವಿನಿಂದ ವಿವರಿಸಿದರು. ಬೆಳಕಿನ ಪ್ರಭಾವದಿಂದ ಕ್ರೋಮಿಯಂ ಒಂದು ರೂಪದಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು.

ಕಂದುಗಟ್ಟುವುದು ಚಿತ್ರಕ್ಕೆ ಆದ ನಷ್ಟ. ಮನೆಗೆ ಆಗಬಹುದಾದದ್ದು ಅದಕ್ಕಿಂತ ದೊಡ್ಡದು. ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ. ಸೀಸದ ಪರಮಾಣು ತೂಕ 207, ಕ್ರೋಮಿಯಂ 52, ನಾಲ್ಕು ಆಮ್ಲಜನಕಕ್ಕೆ 64. ಒಟ್ಟು 323ರಲ್ಲಿ ಸೀಸವೇ 207. ಅಂದರೆ ಕ್ರೋಮ್ ಹಳದಿಯ ತೂಕದಲ್ಲಿ ನೂರಕ್ಕೆ 64ರಷ್ಟು ಸೀಸ.

ಸೀಸದ ನೆರಳು

ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯರಿದ್ದರು. ಸೀಸದ ವಿಷದಿಂದ ನರಳುತ್ತಿದ್ದ ಮಕ್ಕಳು ಅವರ ಬಳಿಗೆ ಬರುತ್ತಿದ್ದರು. ಆ ಮಕ್ಕಳು ಯಾವ ಕಾರ್ಖಾನೆಗೂ ಹೋದವರಲ್ಲ. ವಿಷ ಬಂದದ್ದಾದರೂ ಎಲ್ಲಿಂದ? 1904ರಲ್ಲಿ ಗಿಬ್ಸನ್ ಉತ್ತರ ಕೊಟ್ಟರು: ಮನೆಯ ಜಗಲಿಯ ಕಟಕಟೆಗೆ ಬಳಿದ ಬಣ್ಣದಿಂದ. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಕೈಗೆ ಅಂಟುತ್ತಿತ್ತು. ಉಗುರು ಕಚ್ಚುವಾಗ, ಬೆರಳು ಚೀಪುವಾಗ ಹೊಟ್ಟೆಗೆ ಇಳಿಯುತ್ತಿತ್ತು. ಅಲ್ಲಿ ಇದ್ದದ್ದು ಹಳದಿಯಲ್ಲ, ಬಿಳಿ ಸೀಸ. ಆದರೆ ದಾರಿ ಒಂದೇ. ಅವರ ಮಾತು ಕಾನೂನಾಗಲು 1922 ಬರಬೇಕಾಯಿತು.

ಬೆಳೆಯುವ ಮಿದುಳಿಗೆ ಸೀಸ ಬಲು ಕೆಟ್ಟದ್ದು. ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಗಮನ ನಿಲ್ಲುವುದಿಲ್ಲ, ಕಲಿಕೆ ಹಿಂದೆ ಬೀಳುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು. ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಜಾರ್ಜ್ ಫೌಂಡೇಷನ್ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪರೀಕ್ಷಿಸಿದ ನಗರದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ಅದು ಹೋಯಿತು. ಬಣ್ಣದ ಸೀಸ ಉಳಿಯಿತು.

ಭಾರತದಲ್ಲಿ ಮನೆಬಳಕೆಯ ಬಣ್ಣಗಳ ಸೀಸದ ಮಿತಿಗೆ ನಿಯಮ ಪ್ರಕಟವಾದದ್ದು 2016ರ ನವೆಂಬರ್ 1ರಂದು. ಒಂದು ವರ್ಷದ ಬಳಿಕ ಅದು ಜಾರಿಗೆ ಬಂತು. ಅದರಂತೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಡಬ್ಬದ ಮೇಲೆ ಇದನ್ನು ನಮೂದಿಸಬೇಕು.

ಹಾಗಾದರೆ ಚಿಂತೆ ಯಾಕೆ? ನಿಯಮ ಹೊಸ ಡಬ್ಬಕ್ಕೆ ಅನ್ವಯಿಸುತ್ತದೆ, ಹಳೆಯ ಗೋಡೆಗಲ್ಲ. ಅದಕ್ಕೂ ಹಿಂದೆ ಬಳಿದ ಬಣ್ಣ ಕಿಟಕಿಯ ಸರಳು, ಬಾಗಿಲು, ಗೇಟು, ತೊಟ್ಟಿಲುಗಳ ಮೇಲೆ ಪದರ ಪದರವಾಗಿ ಇದ್ದೇ ಇದೆ. ನೀರು ಬೆರೆಸುವ ಗೋಡೆಯ ಬಣ್ಣಗಳಿಗಿಂತ ಹೊಳೆಯುವ ಎನಾಮೆಲ್ ಬಣ್ಣಗಳಲ್ಲಿ, ಅವುಗಳಲ್ಲೂ ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಸೀಸ ಹೆಚ್ಚಾಗಿರುತ್ತಿತ್ತು. ಪದರ ಗಟ್ಟಿಯಾಗಿ ಕುಳಿತಿರುವವರೆಗೆ ಅಪಾಯ ಕಡಿಮೆ. ಹೊಸ ಬಣ್ಣಕ್ಕೆ ಸಿದ್ಧಮಾಡಲೆಂದು ಅದನ್ನು ಕೆರೆದಾಗ, ಸ್ಯಾಂಡ್ ಪೇಪರಿನಿಂದ ಉಜ್ಜಿದಾಗ ಧೂಳೇಳುತ್ತದೆ. ಧೂಳು ನೆಲಕ್ಕೆ ಇಳಿಯುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗುವಿರುತ್ತದೆ. ಮನೆಯನ್ನು ಅಂದಗೊಳಿಸುವ ಆ ಒಂದು ವಾರವೇ ಮನೆಗೆ ಅತಿ ಅಪಾಯದ ವಾರವಾಗಬಹುದು.

ಆದ್ದರಿಂದ ಹಳೆಯ ಎನಾಮೆಲ್ ಬಣ್ಣವನ್ನು ಒಣದಾಗಿ ಉಜ್ಜಬಾರದು. ನೀರು ಚಿಮುಕಿಸಿ, ಹಸಿಯಾಗಿಯೇ ಉಜ್ಜಬೇಕು. ಬೆಂಕಿಯ ಉರಿ ಹಿಡಿದು ಸುಡಬಾರದು, ಸೀಸದ ಹೊಗೆ ಏಳುತ್ತದೆ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಮುಗಿದು ಶುಚಿಯಾಗುವವರೆಗೆ ಮಕ್ಕಳೂ ಬಸುರಿಯರೂ ಬೇರೆಡೆ ಇರುವುದು ಒಳ್ಳೆಯದು. ಬಣ್ಣ ಎದ್ದಿಲ್ಲದ ಕಡೆ ಕೆರೆಯದೆ ಮೇಲೆಯೇ ಹೊಸ ಕೋಟು ಕೊಡಬಹುದು. ಪೇಂಟರನನ್ನೂ ಮರೆಯಬಾರದು. ಇಂಥ ಧೂಳಿನಲ್ಲೇ ವರ್ಷಗಟ್ಟಲೆ ಉಸಿರಾಡುವವನು ಅವನು. ಧೂಳು ಮೆತ್ತಿದ ಅಂಗಿಯಲ್ಲೇ ಅವನು ಮನೆಗೆ ಹೋಗಿ ತನ್ನ ಮಗುವನ್ನು ಎತ್ತಿಕೊಳ್ಳುತ್ತಾನೆ. ಒಳ್ಳೆಯ ಮುಖಗವಸು, ಕೈ ಮುಖ ತೊಳೆಯಲು ಸೋಪು, ಬಟ್ಟೆ ಬದಲಿಸಲು ಜಾಗ, ಇಷ್ಟನ್ನಾದರೂ ಮನೆಯವರು ಒದಗಿಸಬಹುದು.

ಮತ್ತೆ ಮಣ್ಣಿಗೆ

ಸೀಸವಿಲ್ಲದೆ ಹೊಂಬಣ್ಣ ಸಾಧ್ಯವೇ? ಸಾಧ್ಯ, ಅದು ನಮ್ಮ ಕಾಲ ಕೆಳಗೇ ಇದೆ. ಬಳ್ಳಾರಿಯ ಅದಿರಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಅದೇ ಕಬ್ಬಿಣ, ಆಮ್ಲಜನಕಗಳ ಜೊತೆ ಜಲಜನಕವೂ ಸೇರಿದರೆ ಹಳದಿ ಮಣ್ಣು. ಅದರ ಖನಿಜಕ್ಕೆ ಗೋಥೈಟ್ ಎಂದು ಹೆಸರು. ಬಣ್ಣಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಜರ್ಮನ್ ಕವಿ ಗಯಟೆಯ ಗೌರವಾರ್ಥ ಇಟ್ಟದ್ದು. ಹಳದಿ ಮಣ್ಣನ್ನು ಚೆನ್ನಾಗಿ ಕಾಯಿಸಿದರೆ ನೀರಿನ ಅಂಶ ಹಾರಿ ಕೆಂಪಾಗುತ್ತದೆ. ಇದು ಬಿಸಿಲಿಗೆ ಮಾಸದು, ಸುಣ್ಣಕ್ಕೆ ಕೆಡದು. ಕ್ರೋಮ್ ಹಳದಿಯಷ್ಟು ಝಗಝಗಿಸುವುದಿಲ್ಲ, ಅಷ್ಟೇ. ಇಂದಿನ ಕಾರ್ಖಾನೆಗಳು ಇದೇ ಕಬ್ಬಿಣದ ಹಳದಿಯನ್ನು ಶುದ್ಧವಾಗಿ ತಯಾರಿಸಿ, ಟೈಟಾನಿಯಂ ಡಯಾಕ್ಸೈಡಿನ ಬಿಳಿಗೆ ಬೆರೆಸಿ, ಜೇನುಬಣ್ಣದಿಂದ ಸಾಸಿವೆ ಬಣ್ಣದವರೆಗಿನ ಛಾಯೆಗಳನ್ನು ಕೊಡುತ್ತವೆ. ಇನ್ನೂ ಉಜ್ವಲ ಬೇಕೆಂದರೆ ಸೀಸವಿಲ್ಲದ ಸಾವಯವ ಹಳದಿಗಳೂ ಬಿಸ್ಮತ್ ವ್ಯಾನಡೇಟೂ ಇವೆ.

ಮನೆ ತುಂಬ ಹೊಂಬಣ್ಣ ಬೇಕೆನ್ನುವವರು ಮಾಡಬೇಕಾದದ್ದು ಇಷ್ಟೇ. ಡಬ್ಬ ಕೊಳ್ಳುವಾಗ ಮೇಲಿನ ಬರಹ ಓದಿ. ಮನಸ್ಸಿಗೆ ಒಪ್ಪಿದ ಛಾಯೆಗಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸಿ. ಎರಡಡಿ ಚೌಕದ ಎರಡು ಹಲಗೆಗಳಿಗೆ ಬಳಿದು, ಕೋಣೆಯ ಮೂಲೆಯಲ್ಲಿ ಒಂದಕ್ಕೊಂದು ಜೋಡಿಸಿ ನಿಲ್ಲಿಸಿ. ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಉತ್ತರದ ಕಿಟಕಿಯ ಕೋಣೆಗೆ ಬರುವುದು ಹೆಚ್ಚಾಗಿ ಆಕಾಶದ ನೀಲಿ ಬೆಳಕು; ಅಲ್ಲಿ ಹೊಂಬಣ್ಣ ಹಿತ. ಪಶ್ಚಿಮದ ಕಿಟಕಿಯ ಕೋಣೆಯಲ್ಲಿ ಸಂಜೆಬಿಸಿಲು ತಾನೇ ಹೊನ್ನು ತರುತ್ತದೆ, ಅಲ್ಲಿ ಬಣ್ಣ ಇನ್ನೂ ತಿಳಿಯಾಗಿರಲಿ. ಅಜ್ಜಿಯನ್ನೂ ಮೊಮ್ಮಗಳನ್ನೂ ಕರೆದು ತೋರಿಸಿ. ಇಬ್ಬರ ಕಣ್ಣೂ ಬೇರೆ.

"ಮನೆ ಬೆಳಗಲಿ" ಎಂದಳಲ್ಲವೆ ಅಜ್ಜಿ? ಅವಳ ಕಾಲದಲ್ಲಿ ಸುಣ್ಣಕ್ಕೆ ಹಳದಿ ಮಣ್ಣು ಕಲಸಿ ಗೋಡೆಗೆ ಸಾರಿಸುತ್ತಿದ್ದ ಕೈಗಳಿಗೆ ಗೋಥೈಟಿನ ಹೆಸರು ಗೊತ್ತಿರಲಿಲ್ಲ. ಆ ಗೋಡೆಗೆ ಒರಗಿ ಕುಳಿತು ಮಗ್ಗಿ ಒಪ್ಪಿಸಿದ ಮಗು, ಗೋಡೆಯನ್ನು ನೆಕ್ಕಿದ್ದರೂ ಸೀಸ ಉಣ್ಣುತ್ತಿರಲಿಲ್ಲ. ಇಂದಿನ ಮನೆಯ ಹೊಂಬಣ್ಣ ಅದಕ್ಕಿಂತ ನುಣುಪಾಗಿರಬಹುದು. ಅಷ್ಟೇ ನಿರಪಾಯವಾಗಿಯೂ ಇರುವಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ.